ಒಂಬತ್ತನೇ ನಂಬರಿನ ಜೆರ್ಸಿ

ನಲ್ಲವಿರ್ರಾ
೧೧ ಮಾರ್ಚ್ ೨೦೨೩

ಲೀತ್,

‘ಮೊದಲು ಚೆಂಡು, ಆಮೇಲೆ…’ ಆಮೇಲೆ ಏನು? ಅರ್ಧ ಆಟದ ಬಿಡುವಿನಲ್ಲಿ ಮೇಷ್ಟ್ರು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಪ್ರತಿ ಶನಿವಾರ ಹೇಳುತ್ತಿದ್ದ ಮಾತು. ಮುಂದಿನ ಅರ್ಧ ನನಗೆ ನೆನಪಾಗುತ್ತಿಲ್ಲ. ಮೂರು ದಿನದಿಂದ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದೇನೆ. ಯಾರನ್ನಾದರೂ ಕೇಳೋಣವೆಂದರೆ ಆ ತಂಡದವರಲ್ಲಿ ಊರಿನಲ್ಲಿ ಉಳಿದವನು ನಾನೊಬ್ಬನೇ.

ಮೂವತ್ತೇಳು ವರ್ಷದ ಮೇಲೆ ಬರೆಯುವವನು ಹೀಗೆ ಶುರು ಮಾಡಬಾರದು ಎಂದು ಗೊತ್ತು. ಬೇರೆ ಥರ ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ನಿನ್ನ ವಿಳಾಸವನ್ನು ನಿನ್ನ ಚಿಕ್ಕಮ್ಮ ಕೊಟ್ಟರು. ‘ಬರೆಯೋದಾದ್ರೆ ಬರಿ, ಉತ್ತರ ಬರುತ್ತೆ ಅಂತ ಮಾತ್ರ ಅಂದ್ಕೋಬೇಡ’ ಅಂದರು.

ನಾನು ಈಗ ಹಿರಿಯರ ಮನೆಯಲ್ಲಿ ಕೆಲಸಕ್ಕಿದ್ದೇನೆ. ನಲ್ಲಿ ರಿಪೇರಿ, ಹುಲ್ಲು, ಬಲ್ಬು, ಮಂಗಳವಾರ ಇಲ್ಲಿನ ಮುದುಕರ ವ್ಯಾನು ಓಡಿಸುವುದು. ಮೇಷ್ಟ್ರು ನಾಲ್ಕನೇ ಕೋಣೆಯಲ್ಲಿದ್ದಾರೆ. ಎಂಬತ್ತೆಂಟಾಯಿತು. ಕಣ್ಣು ಮಂಜಾಗಿದೆ, ಕಿವಿ ಚುರುಕು. ಅವರ ಕಿಟಕಿ ಮೈದಾನದ ಕಡೆಗಿದೆ. ಶನಿವಾರ ಬೇಲಿಗೆ ಮೂತಿಯಿಟ್ಟು ನಿಂತ ಕಾರುಗಳು ಗೋಲಿಗೆ ಹಾರ್ನ್ ಹೊಡೆಯುತ್ತವಲ್ಲ, ಅದನ್ನು ಎಣಿಸಿಯೇ ಸ್ಕೋರು ಹೇಳುತ್ತಾರೆ. ಹಾರ್ನ್ ಯಾವ ಬದಿಯಿಂದ ಬಂತು ಅನ್ನುವುದರ ಮೇಲೆ ಯಾರ ಗೋಲು ಎಂಬುದೂ ತಿಳಿಯುತ್ತದಂತೆ. ಪಕ್ಕದೂರು ಬ್ಯೂಲಾಂಗಿನವರು ಯಾವತ್ತೂ ಕೊಟ್ಟಿಗೆ ಬದಿಗೆ ನಿಲ್ಲಿಸುವವರು ತಾನೇ.

ಈ ಸಲ ಊರಿನ ಫುಟ್ಬಾಲ್ ಕ್ಲಬ್ಬಿಗೆ ನಾನು ಅಧ್ಯಕ್ಷ. ಬೇರೆ ಯಾರೂ ಕೈ ಎತ್ತಲಿಲ್ಲ. ಮುಂದಿನ ವರ್ಷದಿಂದ ನಾವೂ ಬ್ಯೂಲಾಂಗಿನವರೂ ಒಂದೇ ತಂಡ. ನಮ್ಮ ಆಸ್ಟ್ರೇಲಿಯನ್ ಫುಟ್ಬಾಲಿಗೆ ಬೇಕಾದ ಹದಿನೆಂಟು ಜನ ಹುಡುಗರನ್ನು ಹೊಂದಿಸಲು ಎರಡೂ ಊರಿಗೆ ಆಗುತ್ತಿಲ್ಲ. ನಮ್ಮ ಕ್ಲಬ್ ಕಟ್ಟಡವನ್ನು ಕೆಡವುತ್ತಾರೆ. ಪ್ರಶಸ್ತಿ ಗೆದ್ದವರ ಹೆಸರಿನ ಹಲಗೆಗಳನ್ನು ಹಿರಿಯರ ಮನೆಯ ಊಟದ ಕೋಣೆಗೆ ತರುತ್ತೇವೆ. ಆಗಸ್ಟ್ ೨೬ಕ್ಕೆ ಈ ಮೈದಾನದ ಕೊನೆಯ ಆಟ. ನೀನು ಬರಬೇಕು.

ಗಾರ್ತ್ ಪೊಲಾರ್ಡ್
(ಮೊದಲೆಲ್ಲ ಬರೀ ಗಾರ್ತ್ ಎಂದರೆ ಸಾಕಾಗಿತ್ತು)


ಬರ್ನಿ, ಟಾಸ್ಮೇನಿಯಾ
೨ ಏಪ್ರಿಲ್

ಗಾರ್ತ್,

ಪತ್ರ ಬಂತು. ಆ ಮಾತಿನ ಮುಂದಿನ ಅರ್ಧ ನನಗೂ ನೆನಪಿಲ್ಲ.

ನಾನು ಇಲ್ಲಿ ಪ್ರೌಢಶಾಲೆಯಲ್ಲಿ ಮರಗೆಲಸ ಕಲಿಸುತ್ತೇನೆ. ಫುಟ್ಬಾಲ್ ತಂಡ ನೋಡಿಕೊಳ್ಳುತ್ತೀರಾ ಎಂದು ಪ್ರಾಂಶುಪಾಲರು ಪ್ರತಿ ವರ್ಷ ಕೇಳುತ್ತಾರೆ. ಪ್ರತಿ ವರ್ಷ ನಾನು ಮಂಡಿನೋವು ಎನ್ನುತ್ತೇನೆ. ನನ್ನ ಮಂಡಿಗಳು ಚೆನ್ನಾಗಿವೆ.

ಹಲಗೆಗಳನ್ನು ನಿಮಗೆ ಬೇಕಾದ ಕಡೆ ಸಾಗಿಸಿ. ಆಗಸ್ಟಿನಲ್ಲಿ ನನಗೆ ಶಾಲೆ ಇರುತ್ತದೆ.

ಲೀತ್ ಟ್ರೆಗೆಂಜಾ


ನಲ್ಲವಿರ್ರಾ
೨೦ ಮೇ

ಲೀತ್,

‘ನಿಮಗೆ’ ಅಂದೆಯಲ್ಲ. ಆ ಒಂದು ಪದವನ್ನು ಆರು ವಾರದಿಂದ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಕೈಯಿಂದ ಒಮ್ಮೆಯೂ ಕಾಗದದ ಮೇಲೆ ಇಳಿದಿಲ್ಲ, ಅದಕ್ಕೆ. ಎಂಬತ್ತಾರರ ಆಗಸ್ಟ್, ಬ್ಯೂಲಾಂಗ್ ಮೈದಾನ. ಬೆಳಗಿನಿಂದ ಮಳೆ, ಮೊಣಕಾಲಿನವರೆಗೆ ಕೆಸರು. ನಿನ್ನ ಕಾಲು ಉಳುಕಿ ನೀನು ಮೂರನೇ ಅವಧಿಯಲ್ಲೇ ಹೊರಗೆ ಬಂದು ಮೇಷ್ಟ್ರ ಓವರ್‌ಕೋಟ್ ಹೊದ್ದು ಬೆಂಚಿನ ಮೇಲೆ ಕೂತಿದ್ದೆ. ನನ್ನ ಇಪ್ಪತ್ಮೂರನೇ ನಂಬರಿನ ಜೆರ್ಸಿಯನ್ನು ಬ್ಯೂಲಾಂಗಿನ ವಿಕ್ ಡಂಕ್ಲಿ ಕುತ್ತಿಗೆಯಿಂದ ಸೊಂಟದವರೆಗೆ ಹರಿದುಬಿಟ್ಟ. ನಮ್ಮ ಹತ್ತಿರ ಹೆಚ್ಚಿನ ಜೆರ್ಸಿ ಎಲ್ಲಿತ್ತು? ನೀನು ನಿನ್ನ ಒಂಬತ್ತನ್ನು ಬಿಚ್ಚಿ ನನ್ನ ಮೇಲೆ ಎಸೆದೆ.

‘ತಗೋ. ಹರ್ಕೊಂಡ್ ಬರ್ಬೇಡ, ನಮ್ಮಮ್ಮ ಹೊಲ್ದೂ ಹೊಲ್ದೂ ಸಾಕಾಗಿದಾಳೆ.’

ನಾನು ಹರಿಯಲಿಲ್ಲ. ಅದನ್ನು ಹಾಕಿಕೊಂಡು ಹೋಗಿ ಡಂಕ್ಲಿಯ ದವಡೆಗೆ ಗುದ್ದಿದೆ. ಚೆಂಡು ನಲವತ್ತು ಗಜ ಆಚೆಗಿತ್ತು. ಎಲ್ಲರ ಮುಖಕ್ಕೂ ಕೆಸರು ಮೆತ್ತಿತ್ತು. ಅಂಪೈರಿಗೆ ಕಂಡದ್ದು ಬೆನ್ನು, ಬೆನ್ನಿನ ಮೇಲಿನ ಒಂಬತ್ತು. ಪುಸ್ತಕದಲ್ಲಿ ಒಂಬತ್ತು ಎಂದು ಬರೆದುಕೊಂಡ. ಒಂಬತ್ತು ಅಂದರೆ ನೀನು.

ಮಂಗಳವಾರ ಲೀಗಿನ ವಿಚಾರಣೆ. ನೀನು ಹೇಳುತ್ತೀಯ ಎಂದು ನಾನು ಮನೆಯಲ್ಲಿ ಕಾದೆ. ನಾನು ಬಂದು ಹೇಳುತ್ತೇನೆ ಎಂದು ನೀನು ಅಲ್ಲಿ ಕಾದಿರಬೇಕು. ನಿನಗೆ ಮೂರು ವಾರ ನಿಷೇಧ ಹಾಕಿದರು. ನಾನು ಫೈನಲ್ ಆಡಿದೆ, ಆರು ಗೋಲು ಹೊಡೆದೆ, ಗೆದ್ದೆವು. ಜನ ನನ್ನನ್ನು ಹೊತ್ತರು. ಹೆಗಲ ಮೇಲಿಂದ ನೋಡಿದರೆ ನೀನು ಕ್ಯಾಂಟೀನಿನ ಪಕ್ಕ ಕೈಯಲ್ಲಿ ಮಾಂಸದ ಪೈ ಹಿಡಿದು ನಿಂತಿದ್ದೆ, ಕಚ್ಚಿರಲಿಲ್ಲ.

ಆಮೇಲೆ ಪ್ರಶಸ್ತಿ. ‘ವರ್ಷದ ಉತ್ತಮ ಮತ್ತು ನೇರ ಆಟಗಾರ.’ ಓಟುಗಳಲ್ಲಿ ನೀನೇ ಮೇಲಿದ್ದೆ, ಹನ್ನೊಂದು ಓಟು ಮುಂದೆ. ನಿಷೇಧವಾದವನ ಓಟು ಲೆಕ್ಕಕ್ಕಿಲ್ಲ ಎಂಬ ನಿಯಮ ಆಗಲೇ ಎಲ್ಲರಿಗೂ ನೆನಪಾದದ್ದು. ಎರಡನೆಯವನು ನಾನು. ಹಳೆಯ ಹಲಗೆ ತುಂಬಿದ್ದರಿಂದ ನಿಮ್ಮಪ್ಪ ಹೊಸದು ಮಾಡಿ, ಅದರ ಮೊದಲ ಸಾಲಿನಲ್ಲಿ ಚಿನ್ನದ ಅಕ್ಷರದಲ್ಲಿ ‘೧೯೮೬ ಜಿ. ಪೊಲಾರ್ಡ್’ ಎಂದು ಬರೆದರು. ಜನವರಿಯಲ್ಲಿ ನೀನು ಊರು ಬಿಟ್ಟೆ.

ಜುಲೈ ಕೊನೆಗೆ ಹಾರ್ಷಂನಿಂದ ಹಲಗೆಗೆ ಅಕ್ಷರ ಹಾಕುವವನು ಬರುತ್ತಾನೆ. ನನ್ನ ಹೆಸರನ್ನು ಅಳಿಸಿ ನಿನ್ನದು ಬರೆಸುತ್ತೇನೆ, ಯಾಕೆಂದು ಊರಿಗೆಲ್ಲ ಹೇಳುತ್ತೇನೆ. ನೀನು ಹೂಂ ಅನ್ನದೆ ಮಾಡಲಾರೆ. ಒಂದು ಸಾಲು ಬರಿ.

ಗಾರ್ತ್


ಹಿರಿಯರ ಮನೆ, ಕೋಣೆ ನಾಲ್ಕು
ನಲ್ಲವಿರ್ರಾ
೨೫ ಜೂನ್

ಪ್ರಿಯ ಲೀತ್,

ನನ್ನ ಅಕ್ಷರವಲ್ಲ ಇದು. ನಾನು ಹೇಳುತ್ತೇನೆ, ಮಾರಿಸೆಲ್ ಬರೆಯುತ್ತಾಳೆ. ಇಲ್ಲಿ ನಮ್ಮನ್ನು ನೋಡಿಕೊಳ್ಳುವವಳು. ಫಿಲಿಪೀನ್ಸಿನವಳು, ಶನಿವಾರ ನಮ್ಮ ಕ್ಲಬ್ಬಿನ ನೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ನಿನ್ನ ಕಾಗುಣಿತಕ್ಕಿಂತ ಇವಳದು ಮೇಲು.

ನೀನು ಗಾರ್ತ್‌ಗೆ ಉತ್ತರ ಬರೆದಿಲ್ಲವಂತೆ. ಅವನು ಏಣಿ ಹತ್ತಿ ನನ್ನ ಕೋಣೆಯ ಬಲ್ಬನ್ನು ತಿಂಗಳಲ್ಲಿ ಮೂರು ಸಲ ಬದಲಾಯಿಸಿದ. ಬಲ್ಬು ಚೆನ್ನಾಗಿಯೇ ಇತ್ತು. ಮೂರನೇ ಸಲ ಕೇಳಿದೆ, ‘ಏನೋ ಅದು?’ ಏಣಿಯ ಮೇಲಿಂದ ಇಳಿಯದೆಯೇ ಎಲ್ಲ ಹೇಳಿದ. ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದಾನೆ.

ನನ್ನ ಓವರ್‌ಕೋಟಿನಲ್ಲಿ ಕೂತಿದ್ದವನು ನೀನು. ನನಗೆ ಹೇಗೆ ಗೊತ್ತಿರುವುದಿಲ್ಲ?

ವಿಚಾರಣೆಗೆ ಹೋಗುವಾಗ ಕಾರಿನಲ್ಲಿ ನೀನು ಕೇಳಿದೆ, ‘ನಾನೇನ್ ಹೇಳ್ಲಿ ಸಾರ್?’ ನಾನು ರಸ್ತೆ ನೋಡುತ್ತಾ, ‘ನಿನ್ ಕಾಲು ಹೇಗೂ ಊದಿದೆ, ಮೂರ್ ವಾರ ಆಡೋಕಾಗಲ್ಲ’ ಅಂದೆ. ಅಷ್ಟೇ ಅಂದದ್ದು. ಸುಳ್ಳು ಹೇಳು ಅನ್ನಲಿಲ್ಲ. ನೀನು ಜಾಣ ವಿದ್ಯಾರ್ಥಿಯಾಗಿದ್ದೆ, ಅರ್ಥ ಮಾಡಿಕೊಂಡೆ. ಆಡಲಾಗದವನ ನಿಷೇಧದಿಂದ ಯಾರಿಗೂ ನಷ್ಟವಿಲ್ಲ, ಆಡಬಲ್ಲವನು ಉಳಿಯುತ್ತಾನೆ. ನಾಯಕತ್ವ ಎಂದರೆ ಇಂಥ ಲೆಕ್ಕ ಎಂದು ಆಗ ನಂಬಿದ್ದೆ. ಶಾಲೆಯನ್ನೂ ಹಾಗೇ ನಡೆಸಿದೆ, ಜನ ಹೊಗಳಿದರು.

ಒಂದು ಮರೆತೆ. ನಿಷೇಧವಾದವನಿಗೆ ಪ್ರಶಸ್ತಿಯಿಲ್ಲ ಎಂಬ ಆ ನಿಯಮವನ್ನು ಎಪ್ಪತ್ತೊಂದರಲ್ಲಿ ಕೂತು ಬರೆದವನು ನಾನೇ. ನಮ್ಮ ಹುಡುಗರು ನೇರವಾಗಿರಲಿ ಎಂದು. ನಾನು ಬರೆದ ನಿಯಮ ನನಗೇ ನೆನಪಾಗಲಿಲ್ಲ. ನೆನಪಾದಾಗ ಗೆದ್ದ ಕಪ್ಪು ಮೇಜಿನ ಮೇಲಿತ್ತು, ಊರು ಹಾಡುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಹಲಗೆಗೆ ಹೆಸರು ಬರೆಸಲು ನಿಮ್ಮಪ್ಪ ವೆಸ್ಲಿಯ ಶೆಡ್ಡಿಗೆ ಪಟ್ಟಿ ತೆಗೆದುಕೊಂಡು ಹೋದವನೂ ನಾನೇ. ಅಲ್ಲಿ ವೆಸ್ಲಿ ನನ್ನನ್ನು ಒಂದು ಮಾತು ಕೇಳಿದ. ಅದನ್ನು ಬರೆಸಲಾರೆ, ನೀನು ಬಂದರೆ ಹೇಳುತ್ತೇನೆ.

ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳು. ಗುರುವಾರ ಇಲ್ಲಿಗೆ ಬಂದು ನಮಗೆ ಓದಿ ಹೇಳುತ್ತಾರೆ. ನಾನು ಕಲಿಸಿದವರ ಮೊಮ್ಮಕ್ಕಳು. ತಾತಂದಿರು ತಡವರಿಸುತ್ತಿದ್ದ ಜಾಗದಲ್ಲೇ ತಡವರಿಸುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ.

ಕೀತ್ ಓರ್ಮರಾಡ್

ನಾನು ಮಾರಿಸೆಲ್. ಇದನ್ನು ಹೇಳಿಸುವಾಗ ಮೇಷ್ಟ್ರು ಮೂರು ಸಲ ನಿಲ್ಲಿಸಿ ಟೀ ಕೇಳಿದರು. ಮೂರು ಕಪ್ಪೂ ಹಾಗೇ ಆರಿವೆ. ನಿಮಗೆ ತಿಳಿದಿರಲಿ ಎಂದು ಬರೆದೆ.


ಬರ್ನಿ
೯ ಜುಲೈ

ಪೂಜ್ಯ ಮೇಷ್ಟ್ರಿಗೆ,

ಆ ಕಾರಿನ ಪ್ರಯಾಣ ನನಗೂ ನೆನಪಿದೆ. ನೀವು ವೈಪರ್ ಹಾಕಿದ್ದಿರಿ, ಮಳೆ ನಿಂತಿತ್ತು. ಒಣ ಗಾಜಿನ ಮೇಲೆ ಅದು ಕಿರುಗುಟ್ಟುತ್ತಿದ್ದರೂ ನೀವು ಆರಿಸಲಿಲ್ಲ. ಅವತ್ತೇ ನನ್ನ ಸಿಟ್ಟು ಅರ್ಧ ಇಳಿದುಹೋಯಿತು.

ಪ್ರಶಸ್ತಿಗಾಗಿ ನಾನು ಊರು ಬಿಟ್ಟೆ ಎಂದು ಗಾರ್ತ್ ಅಂದುಕೊಂಡಿದ್ದಾನೆ. ನೀವೂ ಹಾಗೇ ಅಂದುಕೊಂಡಿರಬಹುದು. ಅದಲ್ಲ. ಊರಿನವರಿಗೆಲ್ಲ ಒಳಗೊಳಗೇ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ನಮ್ಮಪ್ಪ. ಅಪ್ಪ ಆಟಕ್ಕೆ ಬರುತ್ತಿರಲಿಲ್ಲವಲ್ಲ, ಶನಿವಾರ ಲಾರಿಗಳ ಬಾಗಿಲಿಗೆ ಹೆಸರು ಬರೆಯುವ ದಿನ. ಮಗ ಒಬ್ಬನ ದವಡೆ ಒಡೆದ ಎಂದು ಪತ್ರಿಕೆಯಲ್ಲಿ ಓದಿದ. ಕೇಳಿದರೆ ಹೇಳೋಣ ಎಂದು ನಾನು ಕಾದೆ. ಸೆಪ್ಟೆಂಬರಿನಿಂದ ಜನವರಿಯವರೆಗೆ ಊಟದ ಮೇಜಿನ ಆಚೆ ಕಡೆಯಿಂದ ನನ್ನೊಡನೆ ಆಡಿದ್ದು ‘ಉಪ್ಪು ಈ ಕಡೆ ಕೊಡು’ ಎಂಬುದೊಂದೇ ಮಾತು. ನಾನು ಕೊಟ್ಟೆ. ನನ್ನಿಂದ ನಾಚಿಕೆಯಾಗಿದೆ ಎಂದುಕೊಂಡು ಹೊರಟೆ. ತೊಂಬತ್ತನಾಲ್ಕರಲ್ಲಿ ಅಪ್ಪನ ಮಣ್ಣಿಗೆ ಬಂದು, ಅವತ್ತೇ ವಾಪಸಾದೆ.

ಗಾರ್ತ್‌ಗೆ ಹೇಳಿ, ಹೆಸರು ಅಳಿಸುವುದು ಬೇಡ. ಅದು ಅಪ್ಪನ ಕೈ. ಹೆಸರು ಯಾರದಾದರೇನು. ಹಾರ್ಷಂನವನು ಪ್ಲಾಸ್ಟಿಕ್ ಅಕ್ಷರ ಅಂಟಿಸಿ ಹೋಗುತ್ತಾನೆ.

ಟೀ ಬಿಸಿಯಿರುವಾಗಲೇ ಕುಡಿಯಿರಿ.

ನಿಮ್ಮ ವಿದ್ಯಾರ್ಥಿ,
ಲೀತ್


ನಲ್ಲವಿರ್ರಾ
೩೦ ಜುಲೈ

ಲೀತ್,

ಕೂತುಕೊಂಡು ಓದು.

ನಿನ್ನೆ ಹಲಗೆಗಳನ್ನು ಇಳಿಸಿದೆವು. ಹಾರ್ಷಂನವನಿಗೆ ಬರಬೇಡ ಎಂದು ಹೇಳಿಯಾಗಿತ್ತು. ನಾನು, ಮಾರಿಸೆಲ್, ನೆಟ್‌ಬಾಲ್ ಹುಡುಗಿಯರು ಮೂವರು. ನಿಮ್ಮಪ್ಪ ಮಾಡಿದ ಹಲಗೆಗೆ ಎಂಟು ಸ್ಕ್ರೂ, ಎಂಟೂ ತುಕ್ಕು ಹಿಡಿದಿದ್ದವು. ಮಗುಚಿ ಕಂಬಳಿಯ ಮೇಲೆ ಇಟ್ಟೆವು. ಹಿಂಬದಿಗೆ ಜೇಡರ ಬಲೆ, ಸತ್ತ ನೊಣ, ಧೂಳು. ಮಾರಿಸೆಲ್ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದವಳು ನಿಂತಳು.

‘ಗಾರ್ತ್, ಈ ಕಡೇನೂ ಬರ್ದಿದಾರಲ್ಲ.’

ಬರೆದಿದ್ದರು. ಮುಂದಿನ ಬದಿಯಲ್ಲಿರುವ ಹಾಗೆಯೇ ತಲೆಬರಹ, ಅದೇ ಅಳತೆ, ಅದೇ ಚಿನ್ನದ ರೇಕು. ಕೆಳಗೆ ಒಂದೇ ಸಾಲು, ‘೧೯೮೬ ಎಲ್. ಟ್ರೆಗೆಂಜಾ’. ಮಿಕ್ಕಿದ್ದೆಲ್ಲ ಖಾಲಿ. ಬೆಳಕೇ ಬೀಳದ್ದರಿಂದ ಚಿನ್ನ ನಿನ್ನೆ ಹಚ್ಚಿದ ಹಾಗಿತ್ತು. ನನ್ನ ಹೆಸರು ಆ ಬದಿಯಲ್ಲಿ ಬಿಸಿಲಿಗೆ ಮಾಸಿ ಸಾಸಿವೆ ಬಣ್ಣಕ್ಕೆ ತಿರುಗಿದೆ. ಮೂವತ್ತೇಳು ವರ್ಷ ಒಂದೇ ಹಲಗೆ ಕಣೋ, ನನ್ನ ಬೆನ್ನಿಗೆ ನೀನು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಹುಡುಗಿಯರು ನನಗೆ ಎದೆನೋವು ಬಂತೆಂದು ಹೆದರಿದರು.

ಮೇಷ್ಟ್ರನ್ನು ಗಾಲಿಕುರ್ಚಿಯಲ್ಲಿ ಕರೆತಂದೆವು. ಅವರಿಗೆ ಕಾಣುವುದಿಲ್ಲವಲ್ಲ, ಬೆರಳು ಹಿಡಿದು ಅಕ್ಷರಗಳ ಮೇಲೆ ಆಡಿಸಿದೆ. ಕೊನೆಯ ಅಕ್ಷರದಿಂದ ಮತ್ತೆ ಮೊದಲಿಗೆ ತಾವೇ ಬಂದರು. ‘ಮಗುಚಿ ಗೋಡೆಗೆ ಹಾಕ್ತೀನಿ ಸಾರ್, ಇದೇ ಮುಂದೆ ಇರ್ಲಿ’ ಅಂದೆ.

‘ದಡ್ಡ. ಆ ಕಡೆ ಇನ್ನೂ ಮೂವತ್ತಾರ್ ಜನರ ಹೆಸರಿದೆ. ಅವರನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸ್ತೀಯಾ? ಶಾಲೆನಲ್ಲಿ ನಿನ್ನ ನಿಲ್ಲಿಸ್ತಿದ್ನಲ್ಲ, ಹಾಗೆ?’

ಆಗ ಮಾರಿಸೆಲ್, ‘ಅದಕ್ಕೆ ಗೋಡೆ ಯಾಕ್ ಬೇಕು?’ ಅಂದಳು.

ಊಟದ ಕೋಣೆಗೂ ಕೋಣೆಗಳ ಸಾಲಿಗೂ ನಡುವೆ ಒಂದು ತೊಲೆಯಿದೆ. ಅದಕ್ಕೆ ಸರಪಳಿ ಹಾಕಿ ತೂಗುಬಿಡುತ್ತೇನೆ, ಎರಡೂ ಕಡೆ ಕಾಣುವ ಹಾಗೆ. ‘ವೆಸ್ಲಿ ಮಗನ ಹೆಸರು ನನ್ನ ರೂಮಿನ ಕಡೆಗಿರ್ಲಿ’ ಎಂದು ಮೇಷ್ಟ್ರು ಹೇಳಿದ್ದಾರೆ. ಊಟಕ್ಕೆ ಹೋಗುವಾಗಲೆಲ್ಲ ಅದರ ಕೆಳಗೇ ಹಾದುಹೋಗಬೇಕಂತೆ.

ನಿಮ್ಮಪ್ಪನಿಗೆ ಗೊತ್ತಿತ್ತು, ಲೀತ್. ನಿನ್ನನ್ನು ನಂಬಿದ್ದರು. ಇನ್ನೇನು ಬೇಕು ನಿನಗೆ? ಬಾ.

ಗಾರ್ತ್


ಬರ್ನಿ
೧೩ ಆಗಸ್ಟ್

ಗಾರ್ತ್,

ರಜೆ ಹಾಕಿದ್ದೇನೆ. ಕಾರಣದ ಜಾಗದಲ್ಲಿ ಮಂಡಿನೋವು ಎಂದು ಬರೆದುಕೊಟ್ಟೆ.

ಸರಪಳಿ ದಪ್ಪನೆಯದು ಹಾಕು. ಆ ಹಲಗೆ ಬ್ಲ್ಯಾಕ್‌ವುಡ್, ಕಾಣುವುದಕ್ಕಿಂತ ಭಾರ.

ಲೀತ್


ಹಡಗಿನಲ್ಲಿ, ಟಾಸ್ಮೇನಿಯಾದ ದಾರಿ
೨೮ ಆಗಸ್ಟ್

ಅಪ್ಪ,

ನಿನಗೆ ನಾನು ಯಾವತ್ತೂ ಪತ್ರ ಬರೆದವನಲ್ಲ. ನೀನೂ ಅಷ್ಟೆ. ಊರಿನ ಎಲ್ಲ ಅಂಗಡಿ, ಲಾರಿ, ಬಾಗಿಲುಗಳ ಮೇಲೆ ನಿನ್ನ ಅಕ್ಷರವಿತ್ತು. ನನ್ನ ಹೆಸರಿಗೆ ಬಂದದ್ದು ಒಂದೂ ಇಲ್ಲ ಎಂದುಕೊಂಡಿದ್ದೆ.

ನಮ್ಮ ಕಾರು ನಿಲ್ಲುತ್ತಿದ್ದ ಜಾಗವನ್ನು, ಪೆಪ್ಪರ್ ಮರದ ಕೆಳಗಿನದು, ಖಾಲಿ ಬಿಟ್ಟಿದ್ದರು. ಗಾರ್ತ್ ಹೇಳಿ ಬಿಡಿಸಿದ್ದೋ, ಊರೇ ಬಿಟ್ಟಿದ್ದೋ ಕೇಳಲಿಲ್ಲ. ಬಾಡಿಗೆ ಕಾರನ್ನು ಬೇಲಿಗೆ ಮೂತಿಯಿಟ್ಟು ನಿಲ್ಲಿಸಿದೆ. ಅಮ್ಮನೂ ನಾನೂ ಫ್ಲಾಸ್ಕಿನ ಸೂಪು ಕುಡಿಯುತ್ತಿದ್ದ ಜಾಗ. ನೀನು ಯಾವತ್ತೂ ಇರುತ್ತಿರಲಿಲ್ಲ.

ಆಟಕ್ಕೆ ಮೊದಲು ಹಿರಿಯರ ಮನೆಯಲ್ಲಿ ಊಟ. ಹನ್ನೊಂದು ಮಕ್ಕಳು ಕ್ಲಬ್ಬಿನ ಹಾಡು ಹಾಡಿದರು, ಎರಡನೇ ಚರಣದಲ್ಲಿ ಎಲ್ಲರೂ ಒಟ್ಟಿಗೆ ತಪ್ಪಿದರು, ಮುದುಕರೂ ಅಲ್ಲೇ ತಪ್ಪಿದರು. ಗಾರ್ತ್ ಎದ್ದು ನಿಂತು ಎಲ್ಲ ಹೇಳಿದ. ಕಾಗದ ಬರೆದುಕೊಂಡು ಬಂದಿದ್ದ, ಅದನ್ನು ಮಡಚಿ ಜೇಬಿಗಿಟ್ಟು ಬಾಯಿಗೆ ಬಂದ ಹಾಗೆ ಹೇಳಿದ. ಹಿಂದಿನ ಮೇಜಿನಿಂದ ಬ್ಯೂಲಾಂಗಿನ ಅಧ್ಯಕ್ಷ ಎದ್ದ. ವಿಕ್ ಡಂಕ್ಲಿ. ಈಗ ಬೊಕ್ಕತಲೆ.

‘ನಂಗೆ ಅವತ್ತೇ ಗೊತ್ತಿತ್ತು. ಬಿದ್ದಿದ್ದು ಎಡಗೈ ಏಟು. ಲೀತ್ ಬಲಗೈನೋನು. ಅದೂ ಅಲ್ದೆ ಅವ್ನಿಗೆ ಹೊಡ್ಯಕ್ಕೆಲ್ಲಿ ಬರ್ತಿತ್ತು?’

‘ಮತ್ತೆ ಯಾಕ್ ಬಾಯ್ಮುಚ್ಕೊಂಡಿದ್ದೆ?’ ಎಂದು ಯಾರೋ ಕೂಗಿದರು.

‘ಅವನ ಕಾಲು ಊದಿರೋದು ನಮಗೇನ್ ಗೊತ್ತು! ಫೈನಲ್ಲಲ್ಲಿ ಗಾರ್ತ್ ಇದ್ರೆ ಪರ್ವಾಗಿಲ್ಲ, ಲೀತ್ ಇರ್ಬಾರ್ದು ಅಂತ ನಮ್ ಕೋಚು ಅಂದಿದ್ರು. ಆರ್ ಗೋಲ್ ತಿಂದ್ವಲ್ಲ, ಶಾಸ್ತಿ ಆಯ್ತು.’

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಕೋಣೆಯೆಲ್ಲ. ಗಾರ್ತ್ ನಗುತ್ತಾ ಅಳುತ್ತಾ ನನ್ನ ಹತ್ತಿರ ಬಂದು ಏನು ಮಾಡಬೇಕೆಂದು ತಿಳಿಯದೆ ನನ್ನ ತಟ್ಟೆಗೆ ಇನ್ನೊಂದು ಪೈ ಇಟ್ಟ. ಕಚ್ಚಿ ತಿಂದೆ. ಅವನ ಜೊತೆ ಅಷ್ಟರ ಮಟ್ಟಿಗೆ ಮುಗಿಯಿತು ಎಂದು ಕಾಣುತ್ತದೆ.

ಆಟದಲ್ಲಿ ನಾವು ನಲವತ್ತು ಪಾಯಿಂಟಿನ ಅಂತರದಿಂದ ಸೋತೆವು. ಕೊನೆಯ ಗೋಲು ನಮ್ಮದು. ಸುತ್ತಲಿನ ಎಲ್ಲ ಕಾರುಗಳೂ, ಕೊಟ್ಟಿಗೆ ಬದಿಯವೂ ಸೇರಿ, ಹಾರ್ನ್ ಹೊಡೆದವು. ನಿಲ್ಲಿಸಲೇ ಇಲ್ಲ. ನಾನೂ ಹೊಡೆದೆ. ಇದು ಯಾರ ಗೋಲು ಎಂದು ಕಿಟಕಿಯ ಹತ್ತಿರ ಮೇಷ್ಟ್ರಿಗೆ ಮೊದಲ ಸಲ ಗೊತ್ತಾಗಲಿಲ್ಲವಂತೆ.

ಭಾನುವಾರ ಅವರ ಪಕ್ಕ ಕೂತು ಕೇಳಿದೆ, ‘ಮೊದಲು ಚೆಂಡು, ಆಮೇಲೆ ಏನು ಸಾರ್?’

‘ಆಮೇಲೆ ಏನೂ ಇರ್ಲಿಲ್ಲಪ್ಪ. ಅಷ್ಟ್ ಹೇಳೋ ಹೊತ್ತಿಗೆ ಸೈರನ್ ಆಗ್ತಿತ್ತು, ನೀವ್ ಓಡ್ತಿದ್ರಿ.’

ಆಮೇಲೆ ನಿನ್ನ ಮಾತು ಹೇಳಿದರು. ಅವರು ಪಟ್ಟಿ ತಂದಾಗ ಹಲಗೆ ಮರದ ಸ್ಟ್ಯಾಂಡುಗಳ ಮೇಲೆ ಮಲಗಿತ್ತಂತೆ, ಮೇಲೆ ಹಳೆಯ ಹಾಸಿಗೆ ಬಟ್ಟೆ ಹೊದಿಸಿತ್ತಂತೆ. ನೀನು ಪಟ್ಟಿ ಓದಿ, ‘ಇದು ಸರೀನಾ ಮೇಷ್ಟ್ರೇ?’ ಎಂದೆಯಂತೆ. ಅವರು, ‘ನಿಯಮದ ಪ್ರಕಾರ ಸರಿ’ ಅಂದರು. ‘ನಾನು ನಿಯಮ ಕೇಳ್ಲಿಲ್ಲ’ ಎಂದು ನೀನು ಕುಂಚ ತೊಳೆಯಲು ತಿರುಗಿದೆ. ಅವರು ಪಟ್ಟಿಯನ್ನು ಅಲ್ಲೇ ಬಿಟ್ಟು ಬಂದುಬಿಟ್ಟರು. ಬಟ್ಟೆಯ ಕೆಳಗೆ ಏನಿತ್ತೆಂದು ಅವರು ನೋಡಲಿಲ್ಲ.

ಹೊರಡುವ ಮುನ್ನ ಸರಪಳಿಯ ಕೆಳಗೆ ಒಬ್ಬನೇ ನಿಂತೆ. ಮರ ನನಗೆ ಗೊತ್ತು, ಅಕ್ಷರ ನಿನಗೆ ಗೊತ್ತಿತ್ತು. ಎರಡೂ ಬದಿಗೆ ಒಂದೇ ಉಜ್ಜುಕಾಗದ, ಒಂದೇ ಮೆರುಗು, ಒಂದೇ ಕೈ. ಕೆಳಗಿನ ಮೂಲೆಯಲ್ಲಿ ನೀನು ಸಣ್ಣಗೆ ಹಾಕುತ್ತಿದ್ದ ತಾರೀಕು ಗಾರ್ತ್‌ನ ಬದಿಯಲ್ಲಿದೆ, ನನ್ನ ಬದಿಯಲ್ಲಿ ಇಲ್ಲ.

ಪಟ್ಟಿ ಬರುವ ಮುಂಚೆಯೇ ಬರೆದಿದ್ದರೆ, ಮಗ ಗೆಲ್ಲುತ್ತಾನೆಂದು ಎಲ್ಲ ಅಪ್ಪಂದಿರ ಹಾಗೆ ಆಸೆಪಟ್ಟು ಬರೆದದ್ದು. ಪಟ್ಟಿ ನೋಡಿ ಹಲಗೆ ಮಗುಚಿದೆ, ಅಷ್ಟೆ. ಗಾರ್ತ್‌ನ ಹೆಸರು ಬರೆದು ತಾರೀಕು ಹಾಕಿ ಮುಗಿಸಿದ ಮೇಲೆ, ಯಾರೂ ಕಾಣದ ಆ ಕಡೆಗೆ ತಿರುಗಿಸಿಕೊಂಡು ನನ್ನದನ್ನು ಬರೆದಿದ್ದರೆ, ಉಪ್ಪು ಕೇಳುತ್ತಿದ್ದ ಆ ಐದು ತಿಂಗಳೂ ನೀನು ನನ್ನನ್ನು ನಂಬಿದ್ದೆ.

ಹಡಗು ಅಲುಗುತ್ತಿದೆ, ಅಕ್ಷರ ನೇರ ಬರುತ್ತಿಲ್ಲ. ನೀನು ನೋಡಿದ್ದರೆ ಬೈಯುತ್ತಿದ್ದೆ.

ಯಾವ ಬದಿಯನ್ನು ಮೊದಲು ಬರೆದೆ, ಅಪ್ಪ?

ಲೀತ್